ಹಲಸೂರಿನ ಮಗಳಿಗೆ ಒಂದು ಕಾನೂನು, ಕೆ.ಆರ್. ಪುರದ ಮಗಳಿಗೆ ಇನ್ನೊಂದು! ತವರಿನ ಪಾಲು ಹೆಣ್ಣುಮಕ್ಕಳ ಕೈಗೆ ಬಂದಿದ್ದು ಹೇಗೆ?

ಬೆಂಗಳೂರು: ಶಿವಾಜಿನಗರದ ರಸೆಲ್ ಮಾರ್ಕೆಟ್ ಉದ್ಘಾಟನೆ ಆಗಿದ್ದು 1933ರಲ್ಲಿ. ಅದೇ ವರ್ಷ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಕಬ್ಬನ್ ಪಾರ್ಕ್‌ನ ಅಠಾರಾ ಕಚೇರಿಯಲ್ಲಿ ಕೂತು ಆಡಳಿತ ನಡೆಸುತ್ತಿದ್ದ ಮೈಸೂರು ಸರ್ಕಾರ ಒಂದು ಕಾಯ್ದೆ ತಂತು. ಅದರ ಹೆಸರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ. ಮಾರ್ಕೆಟ್ ಇಡೀ ಊರಿಗೆ ಗೊತ್ತು. ಕಾಯ್ದೆ ಮಾತ್ರ ಸಿವಿಲ್ ಕೋರ್ಟಿನ ಹಳೇ ವಕೀಲರನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಅಪ್ಪನ ಆಸ್ತಿ ಭಾಗವಾಗುವಾಗ ಮದುವೆಯಾಗದ ಹೆಣ್ಣುಮಗಳಿಗೂ ಒಂದು ಪಾಲು ಇಡಬೇಕು ಅಂತ ಹೇಳಿದ ಕಾಯ್ದೆ ಅದು. ಆ ಕಾಲಕ್ಕೆ ಬ್ರಿಟಿಷ್ ಇಂಡಿಯಾದಲ್ಲೂ ಇಂಥದ್ದು ಇರಲಿಲ್ಲ.

ಆದರೆ ಒಂದು ತಮಾಷೆ ನೋಡಿ. ಆ ಕಾಯ್ದೆ ರಸೆಲ್ ಮಾರ್ಕೆಟ್ ಬಾಗಿಲಿಗೆ ಬರಲೇ ಇಲ್ಲ. ಹಲಸೂರು ಕೆರೆಗೂ ಬರಲಿಲ್ಲ. ಕೆ.ಆರ್. ಪುರದಲ್ಲಿ ಮಾತ್ರ ಇತ್ತು.

ಈಗ ಯಾಕೆ ಈ ಹಳೇ ಕಥೆ ಅಂತ ಕೇಳಬಹುದು. ಕೆ.ಆರ್. ಪುರ, ಶಿವಾಜಿನಗರ, ಇಂದಿರಾನಗರದ ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಒಂದು ಬೆಳಗ್ಗೆ ನಿಂತರೆ ಉತ್ತರ ಸಿಗುತ್ತದೆ. ಮದುವೆಯಾಗಿ ಹೊಸಕೋಟೆಗೋ ಮಾಲೂರಿಗೋ ಹೋದ ಅಕ್ಕ-ತಂಗಿಯರನ್ನು ಕಾರಿನಲ್ಲಿ ಕರ್ಕೊಂಡು ಬಂದಿರುತ್ತಾರೆ. "ಅಕ್ಕಾ, ಒಂದು ಸಹಿ ಹಾಕಿ ಹೋಗು, ಊಟಕ್ಕೆ ಮನೆಗೆ ಹೋಗೋಣ" ಅನ್ನುವ ಮಾತು. ಅರಿಶಿನ-ಕುಂಕುಮಕ್ಕೆ ಅಂತ ಸೀರೆ, ಒಂದಷ್ಟು ದುಡ್ಡು. ಕಾಗದದ ಮೇಲೆ ಹಕ್ಕು ಖುಲಾಸೆ ಪತ್ರ. ಕೆಲವರು ತಿಳಿದೇ, ಪ್ರೀತಿಯಿಂದಲೇ ಸಹಿ ಹಾಕುತ್ತಾರೆ. ಏನು ಬಿಟ್ಟುಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಸಹಿ ಹಾಕುವವರೂ ಇದ್ದಾರೆ. ಆ ಒಂದು ಸಹಿ ಕೇಳಬೇಕಾದ ಪರಿಸ್ಥಿತಿ ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತು, ಯಾರ್ಯಾರು ಬೀದಿಗೆ ಇಳಿದರು ಅನ್ನುವುದು ಈ ಭಾಗದ ಚರಿತ್ರೆಯೂ ಹೌದು.

ಪೇಟೆ ಬೇರೆ, ದಂಡು ಬೇರೆ

1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕದಲ್ಲಿ ಸೈನ್ಯ ಇಳಿಸಿದರು. ದಂಡು ಅನ್ನುವ ಹೆಸರು ಬಂದಿದ್ದು ಅದಕ್ಕೇ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ್ ಮನೆತನಕ್ಕೆ ವಾಪಸ್ ಕೊಟ್ಟಾಗ ದಂಡು ಪ್ರದೇಶವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರಿಟ್ಟು ರೆಸಿಡೆಂಟ್ ಸಾಹೇಬರ ಕೈಗೆ ಒಪ್ಪಿಸಿದರು. ಹೀಗಾಗಿ ಒಂದೇ ಊರಿನಲ್ಲಿ ಎರಡು ಸರ್ಕಾರ. ಚಿಕ್ಕಪೇಟೆ ಮಹಾರಾಜರದ್ದು, ಶಿವಾಜಿನಗರ (ಆಗಿನ ಬ್ಲಾಕ್‌ಪಲ್ಲಿ), ಹಲಸೂರು ಬ್ರಿಟಿಷರದ್ದು. ಪುನಃ ಪೂರ್ವಕ್ಕೆ ಹೋದರೆ ಕೃಷ್ಣರಾಜಪುರ ಮೈಸೂರು ಸೀಮೆ. ಮುನಿಸಿಪಾಲಿಟಿ ಬೇರೆ, ಪೊಲೀಸ್ ಬೇರೆ, ಕೋರ್ಟು ಬೇರೆ. ಮೈಸೂರಿನ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಬ್ರಿಟಿಷರು ಹುಕುಂ ಹೊರಡಿಸಿ ತಂದ ಕಾನೂನೇ ನಡೆಯುತ್ತಿತ್ತು.

1933ರ ಕಾಯ್ದೆ ಏನು ಕೊಟ್ಟಿತು ಅನ್ನುವುದನ್ನು ಒಂದು ಲೆಕ್ಕದಲ್ಲಿ ನೋಡೋಣ. ತಂದೆ-ತಾಯಿ ಇಲ್ಲದ ಇಬ್ಬರು ಅಣ್ಣ-ತಮ್ಮಂದಿರು, ಮದುವೆಯಾಗದ ಒಬ್ಬ ತಂಗಿ. ಪಿತ್ರಾರ್ಜಿತ ಜಮೀನು 9 ಎಕರೆ. (ಕೆ.ಆರ್. ಪುರದಲ್ಲಿ ಈಗ 9 ಎಕರೆ ಇಟ್ಟುಕೊಂಡಿರುವವರು ಎಷ್ಟು ಜನ ಅಂತ ನಗಬೇಡಿ, ಲೆಕ್ಕ ಸುಲಭ ಆಗಲಿ ಅಂತ ಅಷ್ಟೆ.) ಕಾಯ್ದೆ ಪ್ರಕಾರ ತಂಗಿಗೆ ಒಬ್ಬ ಅಣ್ಣನಿಗೆ ಬರುವುದರ ಕಾಲು ಭಾಗ. ಅಂದರೆ ಅಣ್ಣ-ತಮ್ಮಂದಿರಿಗೆ ತಲಾ 4 ಎಕರೆ, ತಂಗಿಗೆ 1 ಎಕರೆ. ವಿಧವೆಗೆ ಗಂಡನಿಗೆ ಬರಬೇಕಾಗಿದ್ದರ ಅರ್ಧ, ತಾಯಿಗೆ ಮಗನ ಪಾಲಿನ ಅರ್ಧ. ಮದುವೆಯಾಗಿ ಹೋದ ಮಗಳಿಗೆ ಸೊನ್ನೆ.

ಕಾಲು ಭಾಗ ಕಡಿಮೆಯೇ. ಆದರೆ ಬೇರೆ ಕಡೆ ಅದೂ ಇರಲಿಲ್ಲ. ನಾಲ್ಕು ವರ್ಷ ಬಿಟ್ಟು, 1937ರಲ್ಲಿ ಬ್ರಿಟಿಷ್ ಇಂಡಿಯಾ ಒಂದು ಕಾಯ್ದೆ ಮಾಡಿತು. ಅದು ವಿಧವೆಗೆ ಮಗನ ಸಮ ಪಾಲು ಕೊಟ್ಟಿತು, ಅದೂ ಜೀವ ಇರುವ ತನಕ ಅನುಭವಿಸುವುದಕ್ಕೆ ಮಾತ್ರ. ಮಗಳ ಹೆಸರೇ ಎತ್ತಲಿಲ್ಲ. ಜಮೀನು ಕೆ.ಆರ್. ಪುರದಲ್ಲಿದ್ದರೆ ಮಗಳು ಕಾಲು ಪಾಲು ಕೇಳಬಹುದಿತ್ತು. ಮನೆ ಹಲಸೂರಿನಲ್ಲಿದ್ದರೆ ಮೈಸೂರು ಕಾಯ್ದೆ ತೋರಿಸಿ ಕೇಳುವ ದಾರಿ ಇರಲಿಲ್ಲ. ಮಧ್ಯೆ ಇರುವುದು ಎರಡು ಗಂಟೆ ನಡಿಗೆ.

ಆಸ್ತಿ ಇಲ್ಲದವಳಿಗೆ ಓಟೂ ಇಲ್ಲ

ಮೈಸೂರು ಸಂಸ್ಥಾನ ಹೆಂಗಸರಿಗೆ ಓಟಿನ ಅಡ್ಡಿ ತೆಗೆದಿದ್ದು ಇದಕ್ಕೂ ಮೊದಲೇ, 1923ರಲ್ಲಿ. ಪ್ರಜಾಪ್ರತಿನಿಧಿ ಸಭೆಗೆ ಹೆಣ್ಣು ಅನ್ನುವ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತಾಯಿತು. ಕೇಳಲು ಚೆನ್ನಾಗಿದೆ. ಆದರೆ ಆ ಕಾಲದ ಓಟು ಎಲ್ಲರಿಗೂ ಇರಲಿಲ್ಲ. ಇಷ್ಟು ಕಂದಾಯ ಕಟ್ಟುವವರು, ಇಷ್ಟು ಮನೆ ತೆರಿಗೆ ಕಟ್ಟುವವರು, ಇಷ್ಟು ಓದಿದವರು ಅಂತ ಲೆಕ್ಕ. ಜಮೀನು ಅಪ್ಪನ ಹೆಸರಲ್ಲಿ, ಮನೆ ಗಂಡನ ಹೆಸರಲ್ಲಿ ಇದ್ದರೆ ಹೆಂಗಸು ಯಾವ ಕಂದಾಯ ತೋರಿಸುವುದು? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಅದಕ್ಕೇ ಆಸ್ತಿ ಪ್ರಶ್ನೆ ಬಗೆಹರಿಯದೆ ಓಟಿನ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ. ಸ್ವಾತಂತ್ರ್ಯ ಚಳವಳಿಗೆ ಇಳಿದ ಹೆಂಗಸರಿಗೆ ಇದು ಪುಸ್ತಕ ಓದಿ ಗೊತ್ತಾಗಿದ್ದಲ್ಲ, ಮನೆಯಲ್ಲೇ ಕಂಡಿದ್ದು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ವಿಷಯವನ್ನೇ ತೆಗೆದುಕೊಳ್ಳಿ. ಸರ್ಕಾರಿ ಅಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಕಮಲಾದೇವಿಗೆ ಏಳು ವರ್ಷ. ವಿಲ್ ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ತಿಂಗಳಿಗೆ ಇಷ್ಟು ಅಂತ ಜೀವನಾಂಶ. ಆಕೆ ಅದನ್ನು ಮುಟ್ಟಲಿಲ್ಲ. ತನ್ನ ಮದುವೆಯಲ್ಲಿ ಬಂದಿದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಆ ಮನೆಯಲ್ಲಿ ಬೆಳೆದ ಹುಡುಗಿ 1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರು ಬೇಡ ಅಂದಿದ್ದ ಗಾಂಧೀಜಿ ಹತ್ತಿರ ಹೋಗಿ ವಾದ ಮಾಡಿ ಒಪ್ಪಿಸಿದವರೂ ಅವರೇ. ಬೊಂಬಾಯಿಯಲ್ಲಿ ಕಾನೂನು ಮುರಿದು ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿ ಮಾರಿ ಜೈಲಿಗೆ ಹೋದರು.

ಉತ್ತರ ಕನ್ನಡದಲ್ಲಿ ನಡೆದಿದ್ದು ಇನ್ನೂ ನೇರ. 1930ರ ದಶಕದ ಆರಂಭದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರ ಸೀಮೆಯ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಗಂಡಸರು ಜೈಲಿನಲ್ಲಿ. ಆಗ ಸಿದ್ದಾಪುರದ ಮಾವಿನಗುಂಡಿ ಕಡೆಯ ಹೆಂಗಸರು ಹರಾಜಿನಲ್ಲಿ ಜಮೀನು ಹಿಡಿದವರ ಮನೆ ಮುಂದೆ ಹೋಗಿ ಕೂತರು. ಉಪವಾಸ. ಮಳೆ ಸೀಮೆಯ ಆ ಅಂಗಳಗಳಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರ ಹೆಸರಲ್ಲಿ ಆ ಜಮೀನಿನ ಒಂದು ಗುಂಟೆಯೂ ಇರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ಗಂಡನ ಜಮೀನು, ಮಾವನ ಜಮೀನು ಉಳಿಸಲು ಹಸಿದು ಕೂತಿದ್ದರು.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಹೆಂಗಸರ ಸ್ವಯಂಸೇವಕ ಪಡೆ ಕಟ್ಟಿದರು. ವಿಧವೆಯರನ್ನೂ ಮನೆಯಿಂದ ಹೊರಗೆ ಕರೆತಂದು ಕೆಲಸಕ್ಕೆ ಹಚ್ಚಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದವರು. ಮೈಸೂರು ಸೀಮೆಯಲ್ಲಿ 1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಬಳ್ಳಾರಿ ಸಿದ್ದಮ್ಮ ಅದರಲ್ಲಿದ್ದರು. ಬೆಂಗಳೂರಿನಲ್ಲೇ 1905ರಲ್ಲಿ ಹುಟ್ಟಿದ ಯಶೋಧರಾ ದಾಸಪ್ಪ ಚಳವಳಿಯಲ್ಲಿ ದುಡಿದು, ಆಮೇಲೆ ರಾಜ್ಯದಲ್ಲಿ ಮಂತ್ರಿಯೂ ಆದರು. ಪಾನನಿಷೇಧ ತೆಗೆಯಲು ಸರ್ಕಾರ ಹೊರಟಾಗ ಮಂತ್ರಿಗಿರಿ ಬಿಟ್ಟು ಬಂದವರು ಅವರು. ಅಂಥ ರಾಜೀನಾಮೆ ಈಗ ಯಾರು ಕೊಡುತ್ತಾರೆ, ಬಿಡಿ.

ದಂಡು ಪ್ರದೇಶದಲ್ಲಿ ಸೈನ್ಯ ಬೀಡುಬಿಟ್ಟಿತ್ತು. ಮೆರವಣಿಗೆ, ಸಭೆಗಳ ಗದ್ದಲ ಹೆಚ್ಚಾಗಿ ಪೇಟೆ ಕಡೆ, ಮೈಸೂರು ಬ್ಯಾಂಕ್ ಚೌಕದ ಸುತ್ತಮುತ್ತ. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಆಮೇಲೆ ಮೈಸೂರಿನ ಕಾನೂನುಗಳನ್ನು ಒಂದೊಂದಾಗಿ ಇಲ್ಲಿಗೆ ವಿಸ್ತರಿಸುವ ಕೆಲಸ ನಡೆಯಿತು. 1949ರಲ್ಲಿ ಎರಡು ಮುನಿಸಿಪಾಲಿಟಿ ಸೇರಿ ಒಂದು ಕಾರ್ಪೊರೇಷನ್ ಆಯಿತು.

ಸಂವಿಧಾನ ಸಭೆಯಲ್ಲಿ ಮೈಸೂರಿನ ಏಳೂ ಜನ ಗಂಡಸರು

ಸಂವಿಧಾನ ಬರೆದ ಸಭೆಯಲ್ಲಿ ಹದಿನೈದು ಮಹಿಳೆಯರಿದ್ದರು. ದುರ್ಗಾಬಾಯಿ, ಹಂಸಾ ಮೆಹ್ತಾ, ರಾಜಕುಮಾರಿ ಅಮೃತ್ ಕೌರ್, ರೇಣುಕಾ ರೇ, ಅಮ್ಮು ಸ್ವಾಮಿನಾಥನ್, ಬೇಗಂ ಐಜಾಜ್ ರಸೂಲ್, ಕೊಚ್ಚಿಯ ದಲಿತ ಸಮುದಾಯದಿಂದ ಬಂದ ದಾಕ್ಷಾಯಣಿ ವೇಲಾಯುಧನ್ ಹೀಗೆ. ಮೈಸೂರಿನಿಂದ ಹೋದವರು ಏಳು ಜನ; ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಸೇರಿ ಎಲ್ಲರೂ ಗಂಡಸರು. ಮಹಿಳೆಯರಿಗೆ ಆಸ್ತಿ ಕಾಯ್ದೆ ಮೊದಲು ಮಾಡಿದ ಸಂಸ್ಥಾನಕ್ಕೆ ದೆಹಲಿಗೆ ಕಳಿಸಲು ಒಬ್ಬ ಹೆಂಗಸೂ ಸಿಗಲಿಲ್ಲ.

ಅಲ್ಲಿ ಸಮಾನತೆಯ ಮಾತು ಹೊಸದಾಗಿರಲಿಲ್ಲ. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲೇ ಹೆಣ್ಣು-ಗಂಡು ಭೇದವಿಲ್ಲದ ಹಕ್ಕು, ವಯಸ್ಕರೆಲ್ಲರಿಗೂ ಓಟು ಅಂತ ಬರೆದಾಗಿತ್ತು. ಸತ್ಯಾಗ್ರಹದಲ್ಲಿ ಸಾವಿರಾರು ಹೆಂಗಸರು ಜೈಲಿಗೆ ಹೋದ ಮೇಲೆ ನಿಮಗೆ ಓಟಿಲ್ಲ ಅಂತ ಹೇಳುವ ಮುಖ ಯಾರಿಗೂ ಉಳಿದಿರಲಿಲ್ಲ. ಸಂವಿಧಾನ 14ನೇ ವಿಧಿಯಲ್ಲಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದಿತು. 15ನೇ ವಿಧಿ ಲಿಂಗದ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದು ಎಂದಿತು. ಹೆಂಗಸರು-ಮಕ್ಕಳಿಗೆ ವಿಶೇಷ ಸವಲತ್ತು ಕೊಡಲು 15(3)ರಲ್ಲಿ ದಾರಿ ಬಿಟ್ಟಿತು. ಸರ್ಕಾರಿ ನೌಕರಿಗೆ 16ನೇ ವಿಧಿ. ಓಟಿಗೆ 326. ಕಂದಾಯದ ರಸೀದಿ, ಮನೆ ತೆರಿಗೆ ಲೆಕ್ಕ ಎಲ್ಲ ಹೋಯಿತು.

ಆದರೂ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ತೆಗೆದುಹಾಕಬೇಕಾಯಿತು, ಹೆಚ್ಚಾಗಿ ಉತ್ತರದ ಕಡೆ. ಕಾರಣ ಇಷ್ಟೆ: ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಸಂವಿಧಾನ ಬಂದ ದಿನವೇ ಮಗಳಿಗೆ ಸಮ ಪಾಲು ಬರಲಿಲ್ಲ. ಸಮಾನತೆ ಸರ್ಕಾರ ಮತ್ತು ಪ್ರಜೆಯ ನಡುವಿನ ಮಾತಾಯಿತು. ಮನೆಯೊಳಗಿನ ಪಾಲು ಹಳೇ ಧರ್ಮಶಾಸ್ತ್ರ, ಹಳೇ ರೂಢಿಯ ಪ್ರಕಾರವೇ ನಡೆಯಿತು. ಅದನ್ನು ಬದಲಿಸಲು ಹಿಂದೂ ಕೋಡ್ ತಂದರು. ಅದರ ಕರಡಿನ ಹಿಂದೆ ಕೆಲಸ ಮಾಡಿದ ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗ ರಾಯರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರೇ. ಮಸೂದೆ ಮುಂದೆ ಹೋಗದೆ ನಿಂತಾಗ 1951ರಲ್ಲಿ ಅಂಬೇಡ್ಕರ್ ಕಾನೂನು ಮಂತ್ರಿ ಸ್ಥಾನ ಬಿಟ್ಟರು. ಕೊನೆಗೆ ತುಂಡುತುಂಡಾಗಿ 1955-56ರಲ್ಲಿ ಪಾಸಾಯಿತು.

1956ರಲ್ಲೂ ಒಂದೇ ಎಕರೆ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು ದೊಡ್ಡ ಕೆಲಸ ಮಾಡಿತು. ತಂದೆ ಸ್ವಂತ ದುಡಿದು ಮಾಡಿದ ಆಸ್ತಿ, ವಿಲ್ ಇಲ್ಲದೆ ತೀರಿಕೊಂಡರೆ, ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಮದುವೆಯಾದ ಮಗಳಿಗೂ ಸೇರಿ. ಕಮರ್ಷಿಯಲ್ ಸ್ಟ್ರೀಟ್ ಕಡೆಯೋ ಹಲಸೂರು ಬಜಾರಿನಲ್ಲೋ ತಂದೆ ತಾನೇ ಕೊಂಡ ಅಂಗಡಿ ಇದ್ದರೆ ಮಗಳ ಹಕ್ಕು ಇಂದು-ನಿನ್ನೆಯದಲ್ಲ, 1956ರದ್ದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 2005ರ ಮೇಲೆ ಬಂದಿದ್ದು ಅಂದುಕೊಂಡಿದ್ದಾರೆ.

ತೊಡಕಿದ್ದಿದ್ದು ಪಿತ್ರಾರ್ಜಿತದಲ್ಲಿ. ಅದರಲ್ಲಿ ಗಂಡುಮಗನಿಗೆ ಹುಟ್ಟಿದ ಕೂಡಲೇ ಪಾಲು, ಮಗಳಿಗೆ ಇಲ್ಲ. ಅದೇ 9 ಎಕರೆ ಲೆಕ್ಕ ಮತ್ತೆ ಹಾಕಿ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು; ತಾಯಿ ಇಲ್ಲ. ತಂದೆ ತೀರಿಕೊಂಡಾಗ ಮೊದಲು ಮೂವರು ಗಂಡಸರ ನಡುವೆ ಭಾಗ ಆಯಿತು ಅಂತ ಇಟ್ಟುಕೊಳ್ಳುತ್ತಾರೆ, ತಲಾ 3. ಆಮೇಲೆ ತಂದೆಯ 3 ಎಕರೆ ಮೂವರು ಮಕ್ಕಳಿಗೆ ಒಂದೊಂದು. ಕೂಡಿಸಿದರೆ ಗಂಡುಮಕ್ಕಳಿಗೆ 4 ಮತ್ತು 4, ಮಗಳಿಗೆ 1. 1933ರಲ್ಲಿ ಮೈಸೂರು ಕೊಟ್ಟಷ್ಟೇ! ಮದುವೆಯಾದವಳಿಗೂ ಸಿಕ್ಕಿತು ಅನ್ನುವುದು ಬಿಟ್ಟರೆ, ಇಂಥ ಮನೆಯಲ್ಲಿ ಗಣರಾಜ್ಯದ ಮಗಳೂ ಮಹಾರಾಜರ ಕಾಲದ ಮಗಳೂ ಒಂದೇ ಎಕರೆಗೆ ನಿಂತರು. ಎಲ್ಲರೂ ವಾಸವಿರುವ ಮನೆಯಾದರೆ, ಗಂಡುಮಕ್ಕಳು ಭಾಗ ಮಾಡಲು ಮನಸ್ಸು ಮಾಡುವ ತನಕ ಮಗಳು ಭಾಗ ಕೇಳುವಂತೆಯೂ ಇರಲಿಲ್ಲ.

ಇದನ್ನು ಮುರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಪಾಲು ಅಂತ ಹೇಳಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಅಡ್ಡಿಯನ್ನೂ ತೆಗೆಯಿತು. ವಾಸದ ಮನೆಯ ನಿರ್ಬಂಧವೂ ಹೋಯಿತು. ಈಗ ಅದೇ 9 ಎಕರೆಯಲ್ಲಿ ಮೂವರಿಗೂ 3, 3, 3.

ಅಲ್ಲಿಗೂ ಗಲಾಟೆ ಮುಗಿಯಲಿಲ್ಲ. 2005ರಲ್ಲಿ ತಂದೆ ಬದುಕಿರಬೇಕಾ ಬೇಡವಾ ಅನ್ನುವ ಪ್ರಶ್ನೆ ಬಂತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಬದುಕಿರಬೇಕು ಎಂದಿತು, 2018ರಲ್ಲಿ ಮೊದಲೇ ತೀರಿಕೊಂಡಿದ್ದವರ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಕೆಳಗಿನ ಕೋರ್ಟುಗಳು ಯಾವುದನ್ನು ಹಿಡಿಯುವುದು? ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನ ಮಾಡಿತು. ಹಕ್ಕು ಹುಟ್ಟಿನಿಂದ ಬರುವುದು, ತಂದೆ ಆ ದಿನ ಬದುಕಿದ್ದರೋ ಇಲ್ಲವೋ ಮುಖ್ಯ ಅಲ್ಲ. ಹಾಗಂತ ಹಳೇದೆಲ್ಲ ಕೆದಕಲು ಆಗುವುದಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿ ಆದ ವಿಭಾಗ ಪತ್ರ, ಕೋರ್ಟ್ ಡಿಕ್ರಿ, ಕ್ರಯ ಇವು ಭದ್ರ. ಬಾಯಿಮಾತಿನಲ್ಲಿ ಭಾಗ ಆಗಿತ್ತು ಅನ್ನುವ ವಾದ ಸುಲಭಕ್ಕೆ ನಿಲ್ಲುವುದಿಲ್ಲ.

ಶಿವಾಜಿನಗರದ ಮನೆಗಳಲ್ಲಿ ಲೆಕ್ಕ ಬೇರೆ

ಮೇಲೆ ಹೇಳಿದ್ದೆಲ್ಲ ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೆ. ದಂಡಿನ ಭಾಗದಲ್ಲಿ ಮುಸ್ಲಿಂ, ಕ್ರೈಸ್ತ ಕುಟುಂಬಗಳು ಬಹಳ. ಮುಸ್ಲಿಂ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಅರ್ಧವೇ ಆದರೂ ಅದು ನಿಗದಿಯಾದ ಪಾಲು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಯನ್ನು ವಿಲ್ ಬರೆದು ಬೇರೆಯವರಿಗೆ ಕೊಡಲು ವಾರಸುದಾರರು ಒಪ್ಪದೆ ಆಗುವುದಿಲ್ಲ. ಹಿಂದೂ ತಂದೆಗಾದರೆ ಸ್ವಯಾರ್ಜಿತ ಅಷ್ಟನ್ನೂ ಮಗಳನ್ನು ಬಿಟ್ಟು ಬರೆಯುವ ಅಧಿಕಾರ ಇವತ್ತಿಗೂ ಇದೆ. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವುದು ಆಯಾ ಮನೆಯ ಕಾಗದ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮಗ-ಮಗಳು ಸಮ. ಆದರೆ ತಿರುವಾಂಕೂರಿನಲ್ಲಿ 1916ರ ಬೇರೆ ಕಾಯ್ದೆ ಮಗಳಿಗೆ ಹೆಸರಿಗಷ್ಟೇ ಕೊಡುತ್ತಿತ್ತು. ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದು ಹೋಯಿತು. ಇಂದಿರಾನಗರ, ಕೆ.ಆರ್. ಪುರದಲ್ಲಿ ನೆಲೆಸಿರುವ ಕೇರಳ ಮೂಲದ ಕುಟುಂಬಗಳ ಊರಿನ ಆಸ್ತಿಗೆ ಇದು ಸಂಬಂಧಿಸಿದ್ದು.

ಮದುವೆಯಾಗಲು ಸರ್ಕಾರದ ಪರ್ಮಿಷನ್!

ಆಸ್ತಿ ಒಂದು ಕಡೆ. ನೌಕರಿ ಕಥೆ ಇನ್ನೊಂದು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. 1949ರಲ್ಲಿ ಕೆಲಸಕ್ಕೆ ಸೇರಿದರು. ಆ ಸೇವೆಯ ನಿಯಮದಲ್ಲಿ ಹೀಗಿತ್ತು: ಹೆಣ್ಣು ಅಧಿಕಾರಿ ಮದುವೆಯಾಗುವ ಮೊದಲು ಸರ್ಕಾರದಿಂದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು, ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸಿಗೆ ಇಂಥದ್ದೇನೂ ಇಲ್ಲ. ಸಂವಿಧಾನ ಬಂದು ಹತ್ತು ವರ್ಷ ದಾಟಿದ ಮೇಲೆ, 1961ರಲ್ಲಿ ಬರೆದ ನಿಯಮ ಅದು.

1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದ ಮುತ್ತಮ್ಮ, ಮುಂದಿನ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಆದರೂ 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳನ್ನೆಲ್ಲ ತಿದ್ದಿ ಭೇದ ತೆಗೆಯುವಂತೆ ಸರ್ಕಾರಕ್ಕೆ ಹೇಳಿದರು. 14, 15, 16ನೇ ವಿಧಿ ಕಾಗದದಿಂದ ಇಳಿದು ಒಬ್ಬ ನೌಕರಳ ಮೇಜಿಗೆ ಬಂದಿದ್ದು ಹೀಗೆ. ಮುತ್ತಮ್ಮ 2009ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಜೋಡಿಸುವ ಸಾಲುಗಳಲ್ಲಿ ಹೆಂಗಸರು ಬಹಳ ಮಂದಿ ದುಡಿದರು. ಸಂಬಳದ ದಿನ ಕವರ್ ಅವರ ಕೈಗೇ ಬರುತ್ತಿತ್ತು. ತವರಿನ ಪಾಲಿಗೆ ಕಾಯದೆ, ತನ್ನ ದುಡ್ಡಿನಲ್ಲಿ ತನ್ನ ಹೆಸರಿಗೆ ಸೈಟು ಮಾಡಿಕೊಳ್ಳುವುದು ಸಾಧ್ಯ ಅಂತ ಈ ಭಾಗದ ಮನೆಗಳಿಗೆ ತೋರಿಸಿದ್ದು ಇಂಥ ಸಂಬಳಗಳು.

ಕುರ್ಚಿ ವಿಷಯದಲ್ಲಿ ಕರ್ನಾಟಕ ಮುಂದೆ ಇತ್ತು. ದೇಶಕ್ಕೆಲ್ಲ ಮೂರನೇ ಒಂದು ಮೀಸಲಾತಿ ಬರುವ ಮೊದಲೇ, 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಇಟ್ಟು 1987ರಲ್ಲಿ ಪಂಚಾಯಿತಿ ಚುನಾವಣೆ ನಡೆಸಿತು. ಆಮೇಲೆ ಸ್ಥಳೀಯ ಸಂಸ್ಥೆಗಳಲ್ಲಿ ಶೇ 50 ಆಯಿತು. ಆದರೆ ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದು, ಐದು ವರ್ಷ ದಾಟಿದರೂ ಕಾರ್ಪೊರೇಟರ್‌ಗಳಿಲ್ಲದೆ ಅಧಿಕಾರಿಗಳೇ ಊರು ನಡೆಸಿದರು. ಪಾಲಿಕೆ ಐದು ಹೋಳಾಗಿ ಪೂರ್ವಕ್ಕೇ ಒಂದು ನಗರಪಾಲಿಕೆ ಬಂತು. ಚುನಾವಣೆ ಇಲ್ಲದ ಕಡೆ ಅರ್ಧ ಸೀಟು ಅಂದರೆ ಸೊನ್ನೆಯ ಅರ್ಧ.

ಸಹಿ ಹಾಕುವ ಮೊದಲು

ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರೋಣ. "ಮದುವೆಗೆ ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು" ಅನ್ನುವ ಮಾತು ಪಂಚಾಯಿತಿ ಕಟ್ಟೆಯಲ್ಲಿ ನಡೆಯಬಹುದು, ಕೋರ್ಟಿನಲ್ಲಿ ನಡೆಯುವುದಿಲ್ಲ. ಹಕ್ಕು ಬಿಡಬೇಕಾದರೆ ನೋಂದಣಿಯಾದ ಪತ್ರವೇ ಬೇಕು. ಒಮ್ಮೆ ಒಪ್ಪಿ ಸಹಿ ಹಾಕಿ ನೋಂದಣಿ ಆದರೆ ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ. ಮೋಸ ಆಗಿದೆ ಅನ್ನುವುದಾದರೆ, ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿದ್ದರೆ ಹೆದರಬೇಕಾಗಿಲ್ಲ. ಖಾತೆ, ಪಹಣಿ ಕಂದಾಯದ ದಾಖಲೆ. ಅವುಗಳಿಂದಲೇ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ತಕರಾರು ಅರ್ಜಿಯನ್ನು ತಹಶೀಲ್ದಾರರಿಗೆ ಕೊಡಬಹುದು, ಪಾಲಿಗೆ ಸಿವಿಲ್ ಕೋರ್ಟಿನಲ್ಲಿ ದಾವೆ.

ಇದು ಬರೀ ಅಕ್ಕ-ತಂಗಿಯರ ಚಿಂತೆಯೂ ಅಲ್ಲ. ಅಂಗಡಿಗೆ ಜಾಗ, ಗೋಡೌನ್‌ಗೆ ಸೈಟು ಕೊಳ್ಳುವ ವ್ಯಾಪಾರಿಗಳು ಮಾರುವವರ ಅಕ್ಕ-ತಂಗಿಯರು ಎಷ್ಟು ಜನ, ಅವರೆಲ್ಲ ಸಹಿ ಹಾಕಿದ್ದಾರಾ ಅಂತ ಮೊದಲು ಕೇಳಬೇಕು. ಬ್ಯಾಂಕಿನವರು ಸಾಲಕ್ಕೆ ಇದನ್ನೇ ಕೇಳುತ್ತಾರೆ. ಐದಾರು ವರ್ಷ ಕಳೆದ ಮೇಲೆ ಒಬ್ಬ ಮಗಳ ದಾವೆಯ ಸಮನ್ಸ್ ಅಂಗಡಿ ಬಾಗಿಲಿಗೆ ಬಂದರೆ, ಶಟರ್ ಹಾಕಿಕೊಂಡು ಕೋರ್ಟಿಗೆ ಓಡಾಡುವುದು ಕೊಂಡವರೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ಆದಾಯದ ಮಿತಿ ಇಲ್ಲ, ಬಿಪಿಎಲ್ ಕಾರ್ಡ್ ತೋರಿಸಬೇಕಾಗಿಲ್ಲ. ಸಹಾಯವಾಣಿ 15100. ಹೋಗುವಾಗ ಜಮೀನಿನದ್ದಾದರೆ ಪಹಣಿ, ಮನೆ-ಅಂಗಡಿಯದ್ದಾದರೆ ಖಾತೆ, ಸಿಕ್ಕರೆ ಹಳೇ ಕ್ರಯಪತ್ರದ ನಕಲು, ತಂದೆಯ ಮರಣ ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಿ. ಸಹಿಗೆ ಕರೆದ ಪತ್ರದ ಪ್ರತಿಯನ್ನು ಒಂದು ದಿನ ಮೊದಲೇ ಕೇಳಿ ಪಡೆದು, ಓದಲು ಬಾರದಿದ್ದರೆ ಮನೆಯಲ್ಲಿ ಓದುವ ಮಕ್ಕಳ ಕೈಲಿ ಓದಿಸಿಕೊಳ್ಳಿ.